ಕಣ್ಣಾರೆ ಕಂಡವರು

ನಮ್ಮ ಹೆಡ್ ಕ್ಲಾರ್ಕರ ಕಣ್ಣು ತಪ್ಪಿಸಿ ಈ ಲೋಕದಲ್ಲಿ ಏನೂ ನಡೆದಿಲ್ಲ. ಕಚೇರಿಯ ಹಳೆಯ ಗೋಡೆ ಕುಸಿದಾಗ ಅವರು ಅಲ್ಲೇ ನಿಂತಿದ್ದರಂತೆ. ಅವರು ಕೆಲಸಕ್ಕೆ ಸೇರಿದ್ದು ಅದಾಗಿ ಎರಡು ವರ್ಷಕ್ಕೆ. ಹೇಳಿದಷ್ಟು ಸಲವೂ ಆ ಕಥೆಗೆ ಒಂದು ಕೊಡೆಯೋ ಕೆಮ್ಮೋ ಹೊಸದಾಗಿ ಸೇರುತ್ತದೆ. ಮೆದುಳು ನೆನಪನ್ನು ಪ್ರತಿ ಸಲವೂ ಮತ್ತೆ ಹೊಲಿಯುತ್ತದೆ, ಹರಿದಲ್ಲಿ ಕೇಳಿದ ಮಾತಿನ ತೇಪೆ ಹಾಕುತ್ತದೆ ಎಂದು ನಾನು ಹೇಳಿದರೆ, "ಅದು ಓದಿದವರ ಮೆದುಳು ಮೇಡಂ, ನಂದು ಫೋಟೋ ಹಿಡಿಯುತ್ತೆ" ಎಂದು ನನಗೇ ಪಾಠ ಹೇಳುತ್ತಾರೆ. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಹಡಿಯ ನಲ್ಲಿ ತೆರೆದಿಟ್ಟು ಕಡತಗಳನ್ನೆಲ್ಲ ತೋಯಿಸಿದ್ದು ಕಸ ಗುಡಿಸುವಾಕೆಯೇ ಎಂದು, ಆರು ತಿಂಗಳ ಬಳಿಕ ನಡೆದ ವಿಚಾರಣೆಯಲ್ಲಿ, "ನಾನೇ ನೋಡ್ದೆ, ಕೈಯಲ್ಲಿ ಹಸಿರು ಬಕೆಟ್ ಇತ್ತು" ಎಂದು ಹೇಳಿ ಆ ಬಡವಿಯ ಹೊಟ್ಟೆಯ ಮೇಲೆ ಹೊಡೆಯಲು ಹೊರಟರು. ವಿಚಾರಣೆ ನಡೆಸುತ್ತಿದ್ದ ನಾನು ಹಾಜರಿ ಪುಸ್ತಕವನ್ನು ಅವರ ಮುಂದೆ ಕುಕ್ಕಿದೆ. ಕಡತ ತೋಯ್ದ ವಾರವೆಲ್ಲ ಅವರು ರಜೆಯಲ್ಲಿದ್ದರು. ತಾಯಿ ತೀರಿಕೊಂಡ ವಾರ. ಬಹಳ ಹೊತ್ತು ಆ ಪುಟವನ್ನೇ ನೋಡಿದರು, ಹೇಳಿಕೆ ಹಿಂತೆಗೆದುಕೊಂಡು ಸಹಿ ಹಾಕಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಮೆಲ್ಲನೆ ಕೇಳಿದರು: "ಮೇಡಂ, ಅಮ್ಮ ಕೊನೇಲಿ ನನ್ನ ಹೆಸರು ಹಿಡಿದು ಕರೆದಳಲ್ಲ, ಅದನ್ನ ನಾನು ಕೇಳಿಸ್ಕೊಂಡಿದ್ದಾ, ಇಲ್ಲಾ ತಂಗಿ ಹೇಳಿದ್ದಾ?"