ಹೆಸರು ಹಾಕದೆ ಬೈದದ್ದು

ನನಗೆ ಬಾಯಿ ಜಾಸ್ತಿ ಎಂಬುದು ಬಾಳೂರಿನಿಂದ ಕಳಸದವರೆಗೆ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಹೆಂಗಸರ ಸೀಟು ಹಿಡಿದು ಕೂತ ಗಂಡಸರನ್ನು ಎಬ್ಬಿಸಿದ್ದೇನೆ. ಗೊಬ್ಬರದಂಗಡಿಯಲ್ಲಿ ಸಾಲು ಮುರಿದು ಮುಂದೆ ನುಗ್ಗಿದವರನ್ನು ಹಿಂದಕ್ಕೆ ಕಳಿಸಿದ್ದೇನೆ. ಒಮ್ಮೆ ಒಂದು ಕಚೇರಿಯಲ್ಲಿ ಮೇಜಿನ ಹಿಂದೆ ಕೂತಿದ್ದವರಿಗೆ 'ಮೊಬೈಲು ಮನೆಗೆ ಹೋಗಿ ನೋಡಿ, ಈಗ ನನ್ನ ಮುಖ ನೋಡಿ' ಎಂದಾಗ ಜೊತೆಗಿದ್ದ ನಮ್ಮ ಮನೆಯವರು ಬಾಗಿಲ ಹೊರಗೆ ಹೋಗಿ ನಿಂತುಬಿಟ್ಟಿದ್ದರು. ಆದರೆ ಈ ಬಾಯಿ ಒಬ್ಬರೆದುರು ಮಾತ್ರ ಏಳುತ್ತಿರಲಿಲ್ಲ. ಅವರು ನನ್ನ ಅಣ್ಣಯ್ಯ.

ಅಣ್ಣಯ್ಯ ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅಪ್ಪ ಬೇಗ ಹೋದರು. ನನ್ನನ್ನು ಓದಿಸಿದ್ದು, ಮದುವೆ ಮಾಡಿಕೊಟ್ಟಿದ್ದು ಅಣ್ಣಯ್ಯನೇ. ಪಾಲಾಗುವಾಗ 'ಹೆಣ್ಣುಮಗಳಿಗೆ ತೋಟ ಯಾಕೆ' ಎಂದ ನೆಂಟರ ಬಾಯಿ ಮುಚ್ಚಿಸಿ ಹತ್ತು ಎಕರೆ ಕಾಫಿ ನನ್ನ ಹೆಸರಿಗೆ ಮಾಡಿಸಿದ್ದೂ ಅವರೇ. ಅವರ ತೋಟ ಗುಡ್ಡದ ಆಚೆ ಮಗ್ಗುಲಿಗೆ, ನಮ್ಮದು ಈಚೆಗೆ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ತಪ್ಪದೆ ಅವರ ಫೋನು ಬರುತ್ತಿತ್ತು. 'ಎಷ್ಟು ಬಿತ್ತು?' ಎನ್ನುವರು. ನಾನು ಹೇಳುವೆ, ಅವರೂ ಅವರ ಕಡೆಯದನ್ನು ಹೇಳಿ ಇಟ್ಟುಬಿಡುವರು. ನಮ್ಮ ಕಡೆ ಕಾಫಿಯವರು ಯಾರೂ ಜೋರು ಮಳೆ, ಸಣ್ಣ ಮಳೆ ಎನ್ನುವುದಿಲ್ಲ. ಅಂಗಳದಲ್ಲಿ ಇಟ್ಟ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಎಂದೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ಹಾಗೆ ಹೇಳದಿದ್ದರೆ ನಮಗೆ ಮಳೆ ಬಂದಂತೆಯೇ ಆಗುವುದಿಲ್ಲ.

ನಮ್ಮ ತೋಟದ ಕೆಳಗೆ ಒಂದು ಕಾಲೋನಿ ಇದೆ. ಅಲ್ಲಿನವರು ಬಸ್ ರಸ್ತೆಗೆ ಹೋಗಲು ಅಪ್ಪನ ಕಾಲದಿಂದಲೂ ಅಣ್ಣಯ್ಯನ ತೋಟದ ಒಳಗಿನ ಕಾಲುದಾರಿಯನ್ನೇ ಹಿಡಿಯುತ್ತಿದ್ದರು. ದಾರಿಯ ಬಾಯಿಗೆ ಎರಡು ಬಿದಿರುಗಳದ ಉಣುಗೋಲು. ಗಳ ಸರಿಸಿ ದಾಟಿ, ದನ ನುಗ್ಗದಂತೆ ಮತ್ತೆ ಸೇರಿಸಿ ಹೋದರಾಯಿತು. ಹೋದ ವರ್ಷ ಯಾರೋ ಅಣ್ಣಯ್ಯನ ಮೆಣಸಿನ ಬಳ್ಳಿಗಳನ್ನು ಎರಡು ಸಲ ಬರಿದು ಮಾಡಿಕೊಂಡು ಹೋದರು. ಅಣ್ಣಯ್ಯ ಸಿಟ್ಟಾಗಿ ಉಣುಗೋಲು ಕಿತ್ತು ಕಬ್ಬಿಣದ ಗೇಟು ಕೂರಿಸಿ ಬೀಗ ಜಡಿದರು. ಕಾಲೋನಿಯವರು ಹಳ್ಳದ ದಂಡೆ ಹಿಡಿದು ಸುತ್ತಿ ಬರುವಂತಾಯಿತು.

ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಶುರುವಾದ ಹೊತ್ತು. ಒಂದು ಶನಿವಾರ ಸಂಜೆ ನಮ್ಮ ತೋಟಕ್ಕೂ ಅಣ್ಣಯ್ಯನ ತೋಟಕ್ಕೂ ಕೆಲಸಕ್ಕೆ ಬರುವ ಹೆಂಗಸು ರೇಷನ್ ಅಕ್ಕಿಯ ಚೀಲ ಹೊತ್ತು ನಮ್ಮ ಜಗಲಿಗೆ ಬಂದಳು. ಮೈಯೆಲ್ಲ ತೊಪ್ಪೆ. ಮೊಣಕಾಲಿನವರೆಗೆ ಕೆಸರು.

"ಬೀಗ ಹಾಕಿದಾರಲ್ಲಮ್ಮ, ಹಳ್ಳ ಸುತ್ತಿ ಬಂದೆ. ಅಕ್ಕಿ ಎಲ್ಲ ನೆಂದೋಯ್ತು" ಎಂದಳು.

"ನೀನು ಅಣ್ಣಯ್ಯನ ಹತ್ರನೇ ಹೇಳ್ಬಾರ್ದಾ?"

"ಅಯ್ಯೋ, ನಾವೆಲ್ಲಾದ್ರೂ ಹೇಳೋಕಾಗ್ತದಾ? ನಾಳೆ ಕೆಲಸಕ್ಕೆ ಬರ್ಬೇಡಿ ಅಂದ್ರೆ?"

ನನಗೆ ಪಿತ್ತ ನೆತ್ತಿಗೇರಿತು. ಮಾರನೆಯ ಬೆಳಿಗ್ಗೆ ಫೋನಿನಲ್ಲಿ ಮಳೆಯ ಲೆಕ್ಕ ಒಪ್ಪಿಸಿ, ಇವತ್ತು ಒಂದು ಕೈ ನೋಡಿಯೇ ಬಿಡುತ್ತೇನೆ ಎಂದು ಸೀರೆ ಸರಿಮಾಡಿಕೊಂಡು ಅಣ್ಣಯ್ಯನ ಮನೆಗೆ ಹೋದೆ. ಅವರು ಅಂಗಳದಲ್ಲಿ ಕತ್ತಿಗೆ ಹಿಡಿ ಹಾಕುತ್ತಿದ್ದರು. ತಲೆಯೆತ್ತಿ, "ಬಾ, ಕಡುಬಿದೆ, ತಿನ್ನು" ಎಂದರು. ನಾನು ನಾಲ್ಕು ಕಡುಬು ತಿಂದು, ಕಾಫಿ ಕುಡಿದು, ಅತ್ತಿಗೆ ಕೊಟ್ಟ ಹೂವಿನ ಗಿಡ ತೆಗೆದುಕೊಂಡು ವಾಪಸು ಬಂದೆ. ಗೇಟಿನ ಸುದ್ದಿ ಗಂಟಲಿನಲ್ಲೇ ಉಳಿಯಿತು. ಥೂ ನನ್ನ ಧೈರ್ಯಕ್ಕಿಷ್ಟು!

ಅವತ್ತೇ ಕೂತು ಗೇಟಿನ ಬಗ್ಗೆ ಒಂದು ಲೇಖನ ಬರೆದೆ. ಚಿಕ್ಕಮಗಳೂರಿನಿಂದ ಬರುವ ಒಂದು ವಾರಪತ್ರಿಕೆಗೆ ಮೊಬೈಲಿನಲ್ಲೇ ಕಳಿಸಿದೆ. ಸಂಪಾದಕರು ಫೋನು ಮಾಡಿ, "ಹೆಸರು ಹಾಕ್ಲಾ ಮೇಡಂ?" ಎಂದರು. "ಬೇಡ, ತೋಟದವರೊಬ್ಬರು ಅಂತ ಹಾಕಿ" ಎಂದೆ. ಹೆಸರಿಲ್ಲ ಎಂದು ಗೊತ್ತಾದ ಕೂಡಲೇ ಕೈಗೆ ಎಲ್ಲಿಲ್ಲದ ಉಮೇದು ಬಂತು. ಇನ್ನೆರಡು ಸಾಲು ಸೇರಿಸಿ ಮತ್ತೆ ಕಳಿಸಿದೆ: 'ಮೆಣಸಿನ ಕಳ್ಳರು ಬರೀ ನೆಪ. ಬಡವರು ಕಣ್ಣೆದುರು ಓಡಾಡುವುದು ಈ ದೊಡ್ಡ ಮನುಷ್ಯರಿಗೆ ಸಹಿಸದು.' ಬರಿದಾದ ಬಳ್ಳಿಗಳನ್ನು ನಾನೇ ಕಣ್ಣಾರೆ ನೋಡಿದ್ದೆ. ಆದರೂ ಹಾಗೆ ಬರೆದೆ. ನನ್ನ ಹೆಸರು ಕೆಳಗಿದ್ದಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ, ಇದು ಸತ್ಯ.

ಪತ್ರಿಕೆ ಬಂತು. ಯಾರೋ ಫೋಟೊ ಹೊಡೆದು ವಾಟ್ಸಾಪಿಗೆ ಬಿಟ್ಟರು. ಎರಡು ದಿನದಲ್ಲಿ ಹೊರನಾಡಿನಿಂದ ಮೂಡಿಗೆರೆಯವರೆಗೆ ಅದೇ ಮಾತು. ಗೇಟು ಯಾರದೆಂದು ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಯಿತು. ಅಣ್ಣಯ್ಯ ನಮ್ಮ ಬೆಳೆಗಾರರ ಸಂಘದ ಅಧ್ಯಕ್ಷರು ಬೇರೆ. ಅವರ ಫೋನು ಮಾತ್ರ ಎಂದಿನಂತೆ ಬರುತ್ತಲೇ ಇತ್ತು. ಲೇಖನದ ಬಗ್ಗೆ ಒಂದಕ್ಷರ ಆಡಲಿಲ್ಲ. ಬಚಾವಾದೆ ಎಂದುಕೊಂಡೆ.

ಆಮೇಲೆ ಶುರುವಾಯಿತು ತಮಾಷೆ. ಸಂಘದವರಿಗೆ ಹೈಸ್ಕೂಲಿನ ಒಬ್ಬ ಮೇಷ್ಟ್ರ ಮೇಲೆ ಅನುಮಾನ ಬಂತು. ಅವರು ಆಗಾಗ ಪತ್ರಿಕೆಗಳಿಗೆ ಕಾಗದ ಬರೆಯುವವರು, ಕಾಲೋನಿಯ ಮಕ್ಕಳಿಗೆ ಪಾಠ ಹೇಳುವವರು. ಇನ್ಯಾರು ಬರೆದಾರು, 'ತೋಟದವರೊಬ್ಬರು' ಎಂಬುದು ಬರೀ ಮರೆ ಎಂದು ತೀರ್ಮಾನವಾಗಿಬಿಟ್ಟಿತು. ಮೇಷ್ಟ್ರು 'ನಾನಲ್ಲ' ಎಂದರೂ ಯಾರೂ ನಂಬಲಿಲ್ಲ. ಎಲ್ಲರೂ ಸಹಿ ಹಾಕಿ, ಮೇಲಿನವರಿಗೆ ಅರ್ಜಿ ಕೊಟ್ಟು, ಅವರನ್ನು ಬಯಲುಸೀಮೆಗೆ ವರ್ಗ ಮಾಡಿಸುವುದೆಂದು ಮಾತಾಯಿತು. ಅವರ ಹೆಂಡತಿ ಕಳಸದಲ್ಲಿ ಟೀಚರ್. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆಗುವ ಹಾಗಾಯಿತು.

ಇದನ್ನು ಹೇಳಿದವರು ನಮ್ಮ ಮನೆಯವರು. ಬರೆದದ್ದು ನಾನೆಂದು ಗೊತ್ತಿದ್ದವರು ಅವರೊಬ್ಬರೇ.

"ಬರ್ದೋಳು ನೀನು, ಊರು ಬಿಡೋರು ಅವ್ರು. ಚೆನ್ನಾಗಿದೆ" ಎಂದರು.

"ನಾನೇನು ಅವರ ಹೆಸರು ಹೇಳಿದ್ನಾ?"

"ನಿನ್ನ ಹೆಸರೂ ಹೇಳ್ಲಿಲ್ವಲ್ಲ."

ಮೂರು ದಿನ ಊಟ ರುಚಿಸಲಿಲ್ಲ. ಬಾಯಿ ಬಿಟ್ಟರೆ ಅಣ್ಣಯ್ಯ ನನ್ನ ಪಾಲಿಗೆ ಇಲ್ಲ. ತವರು ಅಂತ ನನಗಿದ್ದದ್ದು ಅವರೊಬ್ಬರೇ. ಬಾಯಿ ಬಿಡದಿದ್ದರೆ ನನ್ನ ಮಾತಿಗೆ ಇನ್ನೊಬ್ಬರ ಸಂಸಾರ ಎರಡು ಭಾಗವಾಗುತ್ತದೆ. ಕಾಲೋನಿಯ ಹೆಂಗಸು ಹೆಸರು ಮುಚ್ಚಿಟ್ಟರೆ ಅದಕ್ಕೆ ಅರ್ಥವಿದೆ. ಅವಳ ಅನ್ನವೇ ಹೋಗುತ್ತದೆ. ಹತ್ತು ಎಕರೆ ಇರುವ ನನಗೆ ಯಾವ ಅನ್ನ ಹೋಗುವುದಿತ್ತು? ನಾನು ಅಡಗಿದ್ದು ಬರೀ ಅಣ್ಣಯ್ಯನ ಮುಖ ನೋಡಬೇಕಲ್ಲ ಎಂಬುದಕ್ಕೆ. ಯೋಚಿಸಿದಷ್ಟೂ ನನ್ನ ಮೇಲೇ ಹೇಸಿಗೆಯಾಯಿತು.

ಸಂಘದ ಸಭೆಗೆ ನಾನು ಹೋಗುವುದೇ ಅಪರೂಪ. ಅವತ್ತು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಣ್ಣಯ್ಯ ಅಧ್ಯಕ್ಷರ ಕುರ್ಚಿಯಲ್ಲಿದ್ದರು. ಮೇಷ್ಟ್ರ ವಿಷಯ ಬಂತು. ಅರ್ಜಿ ಕೈಯಿಂದ ಕೈಗೆ ಸಹಿಗಾಗಿ ಬಂದು ನನ್ನ ಕೈ ಸೇರಿತು. ನಾನು ಎದ್ದು ನಿಂತೆ.

"ಬರ್ದಿದ್ದು ನಾನು" ಎಂದೆ.

"ಕೂತ್ಕೊಳ್ಳಿ ಅಕ್ಕ, ತಮಾಷೆ ಹೊತ್ತಲ್ಲ ಇದು" ಎಂದರು ಪಕ್ಕದ ತೋಟದವರೊಬ್ಬರು.

"ತಮಾಷೆ ಎಲ್ಲಿ ಬಂತು ಮಾರಾಯ್ರೆ? ಮೊಬೈಲಲ್ಲಿದೆ, ಬೇಕಾದ್ರೆ ನೋಡಿ. ಮೇಷ್ಟ್ರಿಗೂ ಇದಕ್ಕೂ ಸಂಬಂಧ ಇಲ್ಲ. ಮೆಣಸು ಕಳುವಾಗಿದ್ದು ನಿಜ, ನೆಪ ಅಂತ ಒಂದು ಸಾಲು ಬರ್ದಿದ್ದು ನನ್ನ ತಪ್ಪು. ಆದ್ರೆ ಓಡಾಡೋ ದಾರಿಗೆ ಬೀಗ ಹಾಕಿದ್ದು ಅಣ್ಣಯ್ಯನ ತಪ್ಪು. ಬೈಯೋದಿದ್ರೆ ನನ್ನನ್ನ ಬೈಯಿರಿ."

ಯಾರೂ ಬೈಯಲಿಲ್ಲ. ಎಲ್ಲರೂ ಅಣ್ಣಯ್ಯನ ಕಡೆ ನೋಡಿದರು. ಅವರು ಕೈ ಚಾಚಿ, "ಆ ಅರ್ಜಿ ಇಲ್ಲಿ ಕೊಡಿ" ಎಂದರು. ಮಡಚಿ ಜೇಬಿಗೆ ಹಾಕಿಕೊಂಡು, "ಮುಂದಿನ ವಿಷಯ, ಕಾಡುಕೋಣದ ಕಾಟ" ಎಂದರು.

ಸಭೆ ಮುಗಿದ ಮೇಲೆ ಜೀಪಿನ ಹತ್ತಿರ ನನ್ನನ್ನು ಕರೆದರು.

"ನಂಗೆ ಮೊದಲನೇ ಸಾಲಿಗೇ ಗೊತ್ತಾಗಿತ್ತು" ಎಂದರು.

"ಹ್ಯಾಗೆ?"

"'ಶನಿವಾರ ಸಂಜೆ ಒಂದು ಇಂಚು ಹತ್ತು ಸೆಂಟು ಮಳೆ ಬಿತ್ತು, ಒಬ್ಬ ಹೆಂಗಸು ಅಕ್ಕಿ ಹೊತ್ತು ಬಂದಳು' ಅಂತ ಶುರು ಮಾಡಿದೀಯ. ಅವತ್ತು ನನ್ನಲ್ಲಿ ಬಿದ್ದಿದ್ದು ಹದಿನೆಂಟು ಸೆಂಟು. ಬಾಳೂರಲ್ಲಿ ಹನಿಯೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಫೋನಲ್ಲಿ ಒಂದು ಹತ್ತು ಅಂದೋಳು ಯಾರು ಮಾರಾಯ್ತಿ?"

ಹಣೆ ಚಚ್ಚಿಕೊಂಡೆ. ಜೋರು ಮಳೆ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು! ಹೆಸರು ಮುಚ್ಚಿಟ್ಟ ಬುದ್ಧಿವಂತೆಗೆ ಮಳೆಯ ಅಳತೆ ಮುಚ್ಚಿಡಲು ಕೈ ಬರಲಿಲ್ಲ.

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ನೀನೇ ಹೇಳ್ತೀಯ ಅಂತ ಕಾದೆ."

"ನಾನು ಹೇಳ್ದೇ ಇದ್ದಿದ್ರೆ?"

"ನನ್ನ ಸಹಿ ಇಲ್ದೆ ಆ ಅರ್ಜಿ ಎಲ್ಲಿಗೂ ಹೋಗ್ತಿರ್ಲಿಲ್ಲ. ನಾನು ಅಷ್ಟು ಕೆಟ್ಟೋನಾ?" ಎಂದು ಜೀಪು ಹತ್ತಿದರು. ಹತ್ತಿದವರು ಕೀಲಿ ತಿರುಗಿಸಲಿಲ್ಲ. "ಯಾವತ್ತಾದ್ರೂ ನಿಂಗೆ ಒಂದೇಟು ಹೊಡ್ದಿದೀನಾ?"

"ಇಲ್ಲ."

"ಮತ್ತೆ ನನ್ನ ಕಂಡ್ರೆ ಅಷ್ಟು ಹೆದ್ರಿಕೆ ಯಾಕೆ?"

ನಾನು ಜೀಪಿನ ಬಾಗಿಲಿಗೆ ಮೆತ್ತಿದ ಕೆಸರನ್ನು ಉಗುರಿನಿಂದ ಕೆರೆಯತೊಡಗಿದೆ. ಅವರು ಹೊರಟುಹೋದರು.

ಮೇಷ್ಟ್ರ ಮನೆಗೆ ಅವತ್ತೇ ಹೋಗಿ ಕ್ಷಮೆ ಕೇಳಿದೆ. ಅವರು ಒಳ್ಳೆಯವರು, 'ಶೈಲಿ ಚೆನ್ನಾಗಿತ್ತು, ನಾನೇ ಬರೆದದ್ದು ಅಂತ ಜನ ಅಂದಿದ್ದಕ್ಕೆ ಬೇಜಾರಿಲ್ಲ' ಎಂದು ನಕ್ಕರು. ಊರವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಂದು ಮದುವೆಗೆ ನಮಗೆ ಕರೆಯೇ ಬರಲಿಲ್ಲ. ಪಕ್ಕದ ತೋಟದವರು ಔಷಧಿ ಹೊಡೆಯುವ ಯಂತ್ರ ಕೇಳಿದರೆ 'ಕೆಟ್ಟಿದೆ' ಎಂದರು. ಅದು ಕೆಲಸ ಮಾಡುವ ಸದ್ದು ನಮ್ಮ ಮನೆಗೇ ಕೇಳುತ್ತಿತ್ತು. ಇದ್ಯಾವುದಕ್ಕೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಎದೆ ಹಗುರಾಗಿತ್ತು, ಮತ್ತೆ ಊಟ ಸೇರುತ್ತಿತ್ತು. ಆದರೆ ಎರಡು ಸಲ ಒಳ್ಳೆಯ ಮಳೆ ಬಿತ್ತು, ಅಣ್ಣಯ್ಯನ ಫೋನು ಬರಲಿಲ್ಲ. ನಾನಾಗಿ ಮಾಡಲು ಬೆರಳು ಏಳಲಿಲ್ಲ. ಹೋದರು ಅಣ್ಣಯ್ಯ, ನಾನೇ ಕಳೆದುಕೊಂಡೆ ಎಂದು ಒಬ್ಬಳೇ ಇದ್ದಾಗ ಅತ್ತೆ.

ಅದಾದ ಮೇಲಿನ ವಾರದ ಪತ್ರಿಕೆ ತಂದು ನಮ್ಮ ಮನೆಯವರು ನನ್ನ ಮುಂದಿಟ್ಟರು. ಓದುಗರ ಪತ್ರಗಳ ಜಾಗದಲ್ಲಿ ಅಣ್ಣಯ್ಯನ ಕಾಗದ. ಕೆಳಗೆ ಅವರ ಪೂರ್ತಿ ಹೆಸರು, ಊರು ಎಲ್ಲ ಇತ್ತು. ಮೆಣಸು ಹೇಗೆ ಹೋಯಿತು, ಎರಡು ಸಲ ಹೋದಾಗ ಮನುಷ್ಯನಿಗೆ ಹೇಗಾಗುತ್ತದೆ ಎಂದು ವಿವರವಾಗಿ ಬರೆದಿದ್ದರು. ನನ್ನನ್ನು ಚೆನ್ನಾಗಿಯೇ ಝಾಡಿಸಿದ್ದರು. ಕೊನೆಗೆ ಹೀಗಿತ್ತು: 'ಆ ಲೇಖನ ಬರೆದವಳು ನನ್ನ ತಂಗಿ. ಅವಳು ಬರೆದಿದ್ದರಲ್ಲಿ ಅರ್ಧ ಸುಳ್ಳು. ಉಳಿದರ್ಧಕ್ಕಾಗಿ ಗೇಟಿನ ಬೀಗ ತೆಗೆದಿದ್ದೇನೆ.'

ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ನಾನು ಒಪ್ಪಿಕೊಂಡಿದ್ದು ಒಂದು ಸಾಲು, ಇವರಿಗೆ ಅದು ಅರ್ಧ ಹೇಗಾಯಿತು? ಪತ್ರಿಕೆ ಮಡಚಿ ಕೈಯಲ್ಲಿ ಹಿಡಿದು, ಚಪ್ಪಲಿ ಮೆಟ್ಟಿ, ಅಣ್ಣಯ್ಯನೆದುರೇ ನಿಂತು ಜಗಳ ಮಾಡಲು ಅವರ ಮನೆಗೆ ಹೊರಟೆ.