ಕೆಂದಾಕಳು ಮತ್ತು ನಮ್ಮ ಮನೆಯ ಮುಸುರಿ

ಬಾಗಲಕೋಟೆ ನವನಗರದ ನಮ್ಮ ಮನೆಗೆ ದಿನಾ ಹಾಲು ಹಾಕುತ್ತಿದ್ದ ಹೆಂಗಸು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬರಿಗೈಯಲ್ಲಿ ಬಂದು ಗೇಟಿನ ಹೊರಗೇ ನಿಂತಳು.

“ಇನ್ನ ನಾಕ ದಿನ ಪಾಕೀಟಿನ ಹಾಲ ತರಸ್ಕೋರಿ ಅಕ್ಕೋರ,” ಅಂದಳು. “ನಮ್ಮ ಕೆಂದಾಕಳಕ್ಕ ಆರಾಮಿಲ್ಲ. ಮೇವ ಮುಟ್ಟವಲ್ದು, ಮೆಲಕ ಹಾಕವಲ್ದು. ಹೊಟ್ಟಿ ನೋಡಿದ್ರ ನಗಾರಿ ಆಗೇತಿ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಹಾಗಾಗಿ ನನಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಆಕೆಗೂ ನಾನು ಅಕ್ಕೋರೇ. ನಾನು ಆಕೆಯನ್ನು ಯಕ್ಕಾ ಅಂತ ಕರೆಯುತ್ತಿದ್ದೆ. ನಮ್ಮ ಸೆಕ್ಟರಿನ ಕೊನೆಗೆ ತಗಡಿನ ಶೆಡ್ಡಿನಲ್ಲಿ ಎರಡು ಆಕಳು ಕಟ್ಟಿದ್ದಳು. ಆಗ ಹಾಲು ಕೊಡುತ್ತಿದ್ದದ್ದು ಕೆಂದಾಕಳು ಒಂದೇ. ಬೆಳಿಗ್ಗೆ ಹಿಂಡಿಕೊಂಡು ಬಿಟ್ಟರೆ ಅವು ಓಣಿ ಓಣಿ ತಿರುಗಿ, ಸಂಜೆ ತಾವೇ ಮನೆಗೆ ಬರುತ್ತಿದ್ದವು.

ಕೆಂದಾಕಳು ನನಗೆ ಚೆನ್ನಾಗಿ ಗೊತ್ತಿತ್ತು. ಸಾಲಿಗೆ ಹೊರಡುವಾಗ ನಾನು ಹಿಂದಿನ ದಿನದ ಅನ್ನ, ರೊಟ್ಟಿಯ ತುಂಡು, ಸವತೆಕಾಯಿ ಸಿಪ್ಪೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ಎರಡು ಗಂಟು ಬಿಗಿದು ಕರೆಂಟಿನ ಕಂಬದ ಬುಡಕ್ಕೆ ಇಡುತ್ತಿದ್ದೆ. ಕಸದ ಗಾಡಿ ಬಂದರೆ ಗಾಡಿಗೆ, ಅದಕ್ಕೂ ಮೊದಲು ಆಕಳು ಬಂದರೆ ಆಕಳಿಗೆ. ಗಂಟು ಬಿಚ್ಚಲು ಬಾರದ ಆಕಳು ಚೀಲದ ಸಮೇತ ನುಂಗುವುದನ್ನು ನಾನು ಒಂದೆರಡು ಸಲ ಕಣ್ಣಾರೆ ಕಂಡಿದ್ದೆ. ಸಾಲಿಗೆ ಹೊತ್ತಾಗುತ್ತದೆಂದು ಸ್ಕೂಟರ್ ಏರಿ ಹೋಗಿದ್ದೆ. ಆಕಳಿಗೆ ಅನ್ನ ಹಾಕಿದ ಪುಣ್ಯ ಬಂತೆಂದು ಒಳಗೊಳಗೆ ಸಮಾಧಾನವೂ ಇತ್ತು.

ಆ ಸಂಜೆ ಏಳನೆಯ ಇಯತ್ತೆಯಲ್ಲಿದ್ದ ಮಗಳನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ದನದ ಡಾಕ್ಟರರು ಆಗಲೇ ಬಂದಿದ್ದರು. ಆಕಳನ್ನು ನಿಲ್ಲಿಸಿಯೇ, ಎಡಗಡೆಯ ಹೊಟ್ಟೆಯ ಕೂದಲು ಬೋಳಿಸಿ, ಮರಗಟ್ಟುವ ಸೂಜಿ ಹಾಕಿ ಕೊಯ್ದಿದ್ದರು. ಮೊಣಕೈ ಮೇಲಿನವರೆಗೂ ಕೈ ಒಳಗೆ ಹಾಕಿ ಹಿಡಿ ಹಿಡಿಯಾಗಿ ತೆಗೆಯುತ್ತಿದ್ದರು. ಬಿಸ್ಕೀಟಿನ ಹಾಳೆ, ಸುತಳಿ, ಹಾಲಿನ ಪಾಕೀಟು, ಬಣ್ಣಗೆಟ್ಟ ಚೀಲಗಳು ಒಂದಕ್ಕೊಂದು ಹೆಣೆದುಕೊಂಡು ಒದ್ದೆ ಹಗ್ಗದ ಹಾಗೆ ಬಂದವು. ಎರಡು ಬುಟ್ಟಿ ತುಂಬಿತು. ಎಷ್ಟೋ ಚೀಲಗಳ ಬಾಯಿಗೆ ಹಾಕಿದ ಗಂಟು ಹಾಗೇ ಇತ್ತು. ಮಗಳು ನನ್ನ ಸೆರಗು ಹಿಡಿದುಕೊಂಡು ನೋಡುತ್ತಿದ್ದಳು.

ಹೊಲಿಗೆ ಹಾಕಿ ಡಾಕ್ಟರರು ಕೈ ತೊಳೆಯಲು ಹೋದಾಗ ನಾನು ಹೇಳಿಬಿಟ್ಟೆ. “ಯಕ್ಕಾ, ಇದರಾಗ ನಮ್ಮನೀವೂ ಅವ.”

ಆಕೆ ಆಕಳಿನ ಮೋರೆ ಹಿಡಿದುಕೊಂಡು ನಿಂತಿದ್ದಳು. “ಗೊತ್ತೈತ್ರಿ. ಆದ್ರ ಬರೇ ನಿಮ್ಮವ ಅಂತ ಹೆಂಗ ಅನ್ನಲಿ? ಎಲ್ಲಾರ ಮನೀವೂ ಅದಾವ. ನನ್ನ ಕೈಲೆ ಒಗದಿದ್ದೂ ಇರಬೇಕು.” ಅದರ ಹಣೆ ಸವರುತ್ತಾ ಮತ್ತೆ ಹೇಳಿದಳು. “ನಿಮ್ಮ ಗೇಟಿನ ಮುಂದ ದಿನಾ ನಿಂದರತಿತ್ತ್ರಿ ಇದು. ಅಕ್ಕೋರು ಏನರ ಕೊಡ್ತಾರಂತ.”

ಬುಟ್ಟಿಯಿಂದ ಜಾರಿ ಬಿದ್ದಿದ್ದ ಒಂದು ಚೀಲವನ್ನು ನಾನು ಎತ್ತಿ ಮತ್ತೆ ಒಳಗೆ ಹಾಕಿದೆ.

“ಇನ್ನ ಮ್ಯಾಲೆ ಮುಸುರಿ ಚೆಲ್ಲಬ್ಯಾಡ್ರಿ,” ಅಂದಳು. “ಒಂದ ಬಕೀಟಿನಾಗ ಇಡ್ರಿ, ನಾ ಬಂದು ಒಯ್ತೇನಿ. ಅಕ್ಕಿ ತೊಳದ ನೀರೂ ಇರಲಿ.”

ಆಕೆ ಬೈದಿದ್ದರೆ ನಾಲ್ಕು ದಿನ ನಾಚಿಕೊಂಡು ಐದನೆಯ ದಿನ ಮರೆತುಬಿಡುತ್ತಿದ್ದೆನೋ ಏನೋ. ಆಕೆ ನನಗೆ ಮಾಡಲು ಒಂದು ಕೆಲಸ ಕೊಟ್ಟಳು. ಆ ಋಣ ಇವತ್ತಿಗೂ ನನ್ನ ಮೇಲಿದೆ.

ಮನೆಗೆ ಬಂದು ಅತ್ತೆಯವರಿಗೆ ಎಲ್ಲ ಹೇಳಿದೆ. ಅವರ ತವರು ಇಳಕಲ್ಲು. ಮದುವೆಯಾಗಿ ಬಂದದ್ದು ಹಳೆಯ ಬಾಗಲಕೋಟೆಗೆ. ಅಣೆಕಟ್ಟಿನ ಹಿನ್ನೀರು ಬಂದು ಮನೆ ಮುಳುಗಿದ ಮೇಲೆ ಎಲ್ಲರ ಜೊತೆ ನವನಗರಕ್ಕೆ ಬಂದವರು. ಪೂರ್ತಿ ಕೇಳಿಸಿಕೊಂಡು, “ಹಳೇ ಊರಾಗ ನಮ್ಮ ಮನ್ಯಾಗ ಕಸ ಅನ್ನೋದ ಇರ್ಲಿಲ್ಲ,” ಅಂದರು. “ಬೂದಿ ಭಾಂಡಿ ತಿಕ್ಲಿಕ್ಕೆ, ಮುಸುರಿ ದನಕ್ಕ, ಉಳದದ್ದು ತಿಪ್ಪಿಗೆ.”

“ನನಗ ಯಾಕ ಹೇಳ್ಲಿಲ್ಲ ನೀವು?”

“ನೀ ಕೇಳ್ಲಿಲ್ಲ. ಅತ್ತಿ ಎಲ್ಲಾದಕ್ಕೂ ಬಾಯಿ ಹಾಕ್ತಾಳಂತ ಅನಿಸ್ಕೊಳ್ಳೋದ್ಯಾಕ ಅಂತ ನಾ ಹೇಳ್ಲಿಲ್ಲ.”

ಮರುದಿನದಿಂದ ಅಡಿಗೆಮನೆಯ ಕಸ ಅವರ ವಶಕ್ಕೆ ಹೋಯಿತು. ದನ ತಿನ್ನುವಂಥದ್ದು ಬಕೀಟಿಗೆ. ಚಹಾದ ಪುಡಿ, ಉಳ್ಳಾಗಡ್ಡಿ ಸಿಪ್ಪೆ, ಹಿಂಡಿದ ಲಿಂಬಿಹಣ್ಣು ಹಿತ್ತಲ ಮೂಲೆಯಲ್ಲಿದ್ದ ತೂತು ಬಿದ್ದ ಡ್ರಮ್ಮಿಗೆ. ಮೊದಲ ತಿಂಗಳು ಡ್ರಮ್ಮು ನಾರಿತು, ಹುಳ ಬಿದ್ದವು. “ಅವ್ವಾ, ಮನಿಗೆ ಮಂದಿ ಬರೂಹಂಗಿಲ್ಲ,” ಎಂದು ನಮ್ಮ ಮನೆಯವರು ಮೂಗು ಮುಚ್ಚಿಕೊಂಡರು. ಅತ್ತೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿ, “ಹಸಿ ಹೆಚ್ಚಾಗೇದ, ಒಣಾದು ಕಡಿಮಿ ಆಗೇದ,” ಅಂದರು. ಆಮೇಲೆ ಓಣಿಯ ಬೇವಿನಮರದ ಕೆಳಗೆ ಬಿದ್ದ ಒಣ ಎಲೆ ಗುಡಿಸಿ ತರುವ ಕೆಲಸ ನನಗೂ ಮಗಳಿಗೂ ಬಂತು. ಎಷ್ಟೋ ವರ್ಷ ಕೊಳೆಯುವಿಕೆಯ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವಳು ನಾನು. ಕೈಯಿಂದ ಮುಟ್ಟಿ ಕಲಿತದ್ದು ಅತ್ತೆಯವರಿಂದ. ಮಳೆಗಾಲ ಮುಗಿಯುವಷ್ಟರಲ್ಲಿ ಡ್ರಮ್ಮಿನ ಅಡಿಯಲ್ಲಿ ಎರೆಹೊಲದ ಮಣ್ಣಿನಂಥ ಕರಿ ಗೊಬ್ಬರ ಸಿಕ್ಕಿತು. ಅದನ್ನು ನುಗ್ಗೆಗಿಡಕ್ಕೆ ಹಾಕಿ, ಪಾತ್ರೆ ತೊಳೆದ ಎರಡನೆಯ ನೀರನ್ನು ಅದಕ್ಕೇ ತಿರುಗಿಸಿದೆವು.

ಕಷ್ಟವಾದದ್ದು ಪ್ಲಾಸ್ಟಿಕ್ ಚೀಲ ಬಿಡುವುದು. ನಿಶ್ಚಯ ಮಾಡಿಕೊಂಡು ಹೋದವಳು ಸಂತೆಯಿಂದ ನಾಲ್ಕು ಚೀಲ ಹಿಡಿದುಕೊಂಡೇ ಬರುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಪೆಟ್ಟಿಗೆಯಿಂದ ಹಳೆಯ ಇಳಕಲ್ಲ ಸೀರೆ ತೆಗೆದು ಕತ್ತರಿ ಹಾಕಲು ಕೂತರು. ತವರಿನವರು ಉಡಿಸಿದ ಸೀರೆ. ನಾನು ಬೇಡ ಅಂದೆ.

“ಪೆಟ್ಟಿಗ್ಯಾಗಿಟ್ರ ನುಸಿ ತಿಂತದ,” ಅಂದರು. “ಕಾಯಿಪಲ್ಯ ಹೊತ್ರ ಹೊರಲಿ ಬಿಡು.”

ಕೌದಿಗೆ ಹಾಕುವಂಥ ಗಟ್ಟಿ ಹೊಲಿಗೆಯ ಆರು ಚೀಲಗಳಾದವು. ಒಂದನ್ನು ಮಗಳು ನನ್ನ ಸ್ಕೂಟರಿನ ಕೊಕ್ಕೆಗೆ ತಾನೇ ತೂಗುಹಾಕಿದಳು. ಆದರೂ ಒಮ್ಮೆ ತಪ್ಪಿದೆ. ಹುನಗುಂದದಲ್ಲಿ ಮದುವೆ ಮುಗಿಸಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಸಾಲಿಯ ಜೊತೆಗಾರರಿಗೆಂದು ಓಡಿಹೋಗಿ ಕರದಂಟು ಕೊಂಡೆ, ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಹಿಡಿದುಕೊಂಡು ಬಸ್ಸು ಹತ್ತಿದೆ. ಮಗಳು ಆ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ಬಾಗಲಕೋಟೆ ಬರುವವರೆಗೂ ಈ ಕಡೆ ತಿರುಗಲಿಲ್ಲ. ಶೆಡ್ಡಿನಲ್ಲಿ ನನ್ನ ಸೆರಗು ಹಿಡಿದು ನಿಂತಿದ್ದವಳು ಏನೇನು ನೋಡಿದ್ದಳು ಅನ್ನುವುದು ನನಗೆ ಅವತ್ತು ತಿಳಿಯಿತು. ಸಿಟ್ಟು ಬರಲಿಲ್ಲ. ಮನೆಯಲ್ಲಿ ಇಂಥದೊಂದು ಕಾವಲು ಇದೆಯಲ್ಲ ಅನ್ನಿಸಿತು.

ಊರೆಲ್ಲ ಬದಲಾಯಿತು ಅಂತ ನಾನು ಹೇಳುವುದಿಲ್ಲ. ಕಂಬದ ಬುಡಕ್ಕೆ ಈಗಲೂ ಗಂಟು ಕಟ್ಟಿದ ಚೀಲಗಳು ಬೀಳುತ್ತವೆ. ಆದರೆ ನಮ್ಮ ಓಣಿಯ ಐದಾರು ಮನೆಗಳ ಮುಂದೆ ಮುಸುರಿಯ ಬಕೀಟುಗಳಿವೆ. ಹಾಲಿನ ಯಕ್ಕ ಹಾಲಿನ ಕ್ಯಾನಿನ ಜೊತೆ ಒಂದು ದೊಡ್ಡ ಡಬ್ಬಿಯನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಾಳೆ. ಈಗ ಆಕೆ ಆಕಳುಗಳನ್ನು ಓಣಿಗೆ ಬಿಡುವುದಿಲ್ಲ, ಶೆಡ್ಡಿನಲ್ಲೇ ಮೇಯಿಸುತ್ತಾಳೆ.

ಕೆಂದಾಕಳು ಮತ್ತೆ ಗಬ್ಬ ಆಗುವುದು ಕಷ್ಟ ಎಂದು ಡಾಕ್ಟರರು ಅಂದಿದ್ದರು. ಕಳೆದ ವರ್ಷ ಅದು ಈಯಿತು. ಹೆಣ್ಣುಗರು. ಮೂರನೆಯ ದಿನ ಮುಂಜಾನೆ ಯಕ್ಕ ಸ್ಟೀಲಿನ ಡಬ್ಬಿ ಹಿಡಿದು ಬಂದಳು. ಅದು ಇನ್ನೂ ಬಿಸಿ ಇತ್ತು.

“ಗಿಣ್ಣ ಮಾಡೇನ್ರಿ ಅಕ್ಕೋರ. ದೇವರ ಮುಂದಿಟ್ಟು ಸೀದಾ ನಿಮ್ಮ ಮನಿಗೆ ತಂದೇನಿ.”

ಯಾಲಕ್ಕಿ ಹಾಕಿದ್ದಳು, ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಅತ್ತೆ, ಮಗಳು, ನಾನು ಅಡಿಗೆಮನೆಯಲ್ಲಿ ನಿಂತೇ ತಿಂದೆವು. ನಮ್ಮ ಮನೆಯವರ ಪಾಲು ತೆಗೆದಿಡಬೇಕೆಂಬುದು ಡಬ್ಬಿ ಅರ್ಧ ಆದ ಮೇಲೆ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದ ಯಕ್ಕ, “ತಿನ್ನರಿ, ತಿನ್ನರಿ, ನಾಳಿಗೂ ತರ್ತೇನಿ,” ಅನ್ನುತ್ತಾ ಮುಸುರಿಯ ಬಕೀಟು ಎತ್ತಿಕೊಂಡಳು.