ಅಪ್ಪ ಕಟ್ಟಿದ ಫುಟ್‌ಬಾಲ್ ತಂಡ

ನನ್ನ ಬಲಗಾಲು ಮುರಿದದ್ದು ಕುರುಗೋಡಿನಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾವು ಗೆಳೆಯರೇ ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿಕೊಂಡಿದ್ದೆವು. ಹಗಲು ಹತ್ತಿ ಜಿನ್ನಿನಲ್ಲಿ ತೂಕದ ಚೀಟಿ ಬರೆಯುವುದು, ಸಂಜೆ ಐದಾಯಿತೆಂದರೆ ಮೈದಾನಕ್ಕೆ ಓಡುವುದು, ಇದು ನನ್ನ ದಿನಚರಿ. ತಂಡದಲ್ಲಿ ನನ್ನಷ್ಟು ಜೋರಾಗಿ ಓಡುವವರು ಇರಲಿಲ್ಲ. ಅದು ನನಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಕುರುಗೋಡಿನ ಪಂದ್ಯಕ್ಕೆ ನಾಲ್ಕು ದಿನ ಮೊದಲು ತಾಲೀಮು ಮಾಡುವಾಗಲೇ ನನ್ನ ಕಾಲು ಉಳುಕಿತ್ತು. ಪಾದದ ಗಂಟು ಬದನೆಕಾಯಿಯಂತೆ ಊದಿತ್ತು. ಈ ವಿಷಯ ಗೊತ್ತಿದ್ದದ್ದು ನಮ್ಮ ಗೋಲ್‌ಕೀಪರ್ ಒಬ್ಬನಿಗೇ. ಅವನು ನಮ್ಮ ಓಣಿಯವನು, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಪಂದ್ಯದ ದಿನ ನನ್ನ ಕಾಲಿಗೆ ಅರಿವೆ ಕಟ್ಟುತ್ತ ಅವನು ಎರಡು ಸಲ ಕೈ ನಿಲ್ಲಿಸಿದ.

"ದೋಸ್ತ, ಇದು ಭಾಳ ಊದೈತಿ. ನೀ ಇವತ್ತು ಕುಂದ್ರು."

"ಒಂದು ಆಟ ಅಲ್ಲೇನಲೇ? ಬಿಗಿಯಾಗಿ ಕಟ್ಟು, ಸಾಕು."

ಕಟ್ಟಿದ. ಮೊದಲರ್ಧ ಹೇಗೋ ಕಳೆಯಿತು. ಎರಡನೆಯ ಅರ್ಧದಲ್ಲಿ ಚೆಂಡು ಹಿಡಿದು ಬಲಕ್ಕೆ ತಿರುಗಬೇಕಿತ್ತು, ಕಾಲು ತಿರುಗಲಿಲ್ಲ. ಎದುರಿನಿಂದ ಬಂದವನು ನೇರ ನನ್ನ ಮೇಲೆ ಬಿದ್ದ. ಮೊಣಕಾಲ ಕೆಳಗಿನ ಎಲುಬು ಮುರಿದ ಸಪ್ಪಳ ಗೋಲಿನಲ್ಲಿ ನಿಂತಿದ್ದ ಗೆಳೆಯನಿಗೂ ಕೇಳಿಸಿತಂತೆ. ಬಳ್ಳಾರಿಗೆ ಹೊರಟಿದ್ದ ಒಂದು ಹುಲ್ಲಿನ ಲಾರಿಯ ಮೇಲೆ ಮಲಗಿಸಿಕೊಂಡು ನನ್ನನ್ನು ಆಸ್ಪತ್ರೆಗೆ ತಂದರು. ದಾರಿಯುದ್ದಕ್ಕೂ ಅವನು ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡು ತನ್ನನ್ನೇ ಬೈದುಕೊಳ್ಳುತ್ತಿದ್ದ.

ಅಪ್ಪ ಮರುದಿನ ಬಂದ. ಅವನಿಗೆ ಸಿರುಗುಪ್ಪದ ದನದ ದವಾಖಾನೆಯಲ್ಲಿ ಕಂಪೌಂಡರ್ ಕೆಲಸ. ಅಲ್ಲೇ ದವಾಖಾನೆಯ ಹಿಂದಿನ ಖೋಲಿಯಲ್ಲಿ ಇರುತ್ತಿದ್ದ. ಶನಿವಾರ ಸಂಜೆ ಮನೆಗೆ ಬಂದರೆ ಸೋಮವಾರ ನಸುಕಿನ ಬಸ್ಸಿಗೆ ವಾಪಸ್ಸು. ಮಾತು ಕಡಿಮೆ. ನಾನು ಫುಟ್‌ಬಾಲ್ ಆಡುತ್ತೇನೆಂಬುದು ಗೊತ್ತಿತ್ತೇ ಹೊರತು ಒಂದು ದಿನವೂ ಮೈದಾನದ ಕಡೆ ಹಾಯ್ದವನಲ್ಲ. ಬಂದವನೇ ನನ್ನ ಪ್ಲಾಸ್ಟರಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡಿದ. ಗೋಲ್‌ಕೀಪರ್ ತಡೆಯಲಾರದೆ ಊದಿದ ಗಂಟಿನ ಕಥೆಯನ್ನೆಲ್ಲ ಹೇಳಿಬಿಟ್ಟ. ಅಪ್ಪನ ಮುಖ ಕೆಂಪಾಯಿತು.

"ಊದಿದ ಕಾಲು ಇಟಗೊಂಡು ಓಡಾಕ ಹೋಗಿದ್ದೇನು? ದನಕ್ಕಾದ್ರ ಬಾಯಿಲ್ಲ. ನಿನಗ ಬಾಯಿತ್ತಲ್ಲಲೇ!"

ಆಮೇಲೆ ಮನೆಗೆ ಬಂದಾಗಲೂ ನನ್ನ ಕಾಲಿನ ಮೇಲೆ ಕಣ್ಣು ಬಿದ್ದಾಗಲೆಲ್ಲ ಅವನು ಇದೇ ಮಾತು ಅಂದ.

ಮನೆಯಲ್ಲಿ ನಾನು ಸುಮ್ಮನೆ ಬಿದ್ದಿರಲಿಲ್ಲ. ಗೆಳೆಯರು ಬರುತ್ತಿದ್ದರು. ಹತ್ತು ದಿನ ತುಂಬುವುದರೊಳಗೆ ಊರುಗೋಲು ಹಿಡಿದು ಕುಪ್ಪಳಿಸುತ್ತ ಮೈದಾನದ ಅಂಚಿಗೆ ಹೋಗಿ ನಿಲ್ಲತೊಡಗಿದ್ದೆ. ಅವ್ವ ಅಪ್ಪನಿಗೆ ಸುದ್ದಿ ಮುಟ್ಟಿಸಿದಳು. ಆ ಶನಿವಾರ ಬಂದ ಅಪ್ಪ, "ಇವನ್ನ ನಾ ಕರಕೊಂಡು ಹೋಗ್ತೀನಿ" ಅಂದ.

"ಅಲ್ಲಿ ಏನ್ ಉಣ್ಣಾಕ ಹಾಕ್ತೀರಿ ಅವಗ? ನಿಮಗ ಅಡಿಗಿ ಬರ್ತೈತೇನ್ರಿ?" ಎಂದು ಅವ್ವ ಕೇಳಿದಳು.

"ಅನ್ನಾ ಸಾರು ಬರ್ತೈತಿ."

ಅವ್ವನಿಗೆ ಆ ಸಾರಿನ ರುಚಿ ಗೊತ್ತಿತ್ತೆಂದು ಕಾಣುತ್ತದೆ. ಪ್ರತಿ ಬುಧವಾರ ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಕಳಿಸುತ್ತಿದ್ದಳು.

ಸಿರುಗುಪ್ಪದ ಖೋಲಿಗೆ ಒಂದೇ ಕಿಟಕಿ. ಅದರಿಂದ ಬೇವಿನ ಮರ, ಮರದ ಕೆಳಗೆ ಕಟ್ಟಿದ ಎತ್ತು, ಎಮ್ಮೆಗಳು, ಅವುಗಳ ಬಾಯಿಗೆ ಬಿದಿರ ಗೊಟ್ಟದಿಂದ ಔಷಧಿ ಹುಯ್ಯುವ ಅಪ್ಪ ಕಾಣುತ್ತಿದ್ದರು. ಮೊದಲ ವಾರ ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಅಪ್ಪ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಒಂದು ಸಂಜೆ ಅವನು ಅಕ್ಕಿ ಆರಿಸುತ್ತ ಕುಳಿತವನು ಇದ್ದಕ್ಕಿದ್ದಂತೆ ಕೇಳಿದ:

"ನಿಮ್ಮ ಆಟದಾಗ ಎಷ್ಟು ಮಂದಿ?"

"ಹನ್ನೊಂದು."

"ಎರಡೂ ಕಡಿ ಸೇರಿ?"

ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ನೆಲದ ಬಂಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಮೈದಾನ ಬರೆದು, ಹುಣಸೆ ಬೀಜ ಇಟ್ಟು ಆಟ ವಿವರಿಸಿದೆ. ಅವನು ಗೋಲಿನ ಬಗ್ಗೆ ಏನೂ ಕೇಳಲಿಲ್ಲ. ಒಬ್ಬೊಬ್ಬ ಎಷ್ಟು ಹೊತ್ತು ಓಡುತ್ತಾನೆ, ಆಟದ ಮರುದಿನ ಏನು ಮಾಡಿಸುತ್ತೀರಿ, ದಣಿದವನನ್ನು ಗುರುತಿಸುವವರು ಯಾರು, ಇಂಥವನ್ನೇ ಕೇಳಿದ. ಯಾರೂ ಗುರುತಿಸುವುದಿಲ್ಲ, ದಿನಾ ಎಲ್ಲರೂ ಸಮ ಓಡುತ್ತೇವೆ ಅಂದೆ. ಅವನಿಗೆ ಅದು ನಂಬಲಾಗದ ಸಂಗತಿ.

"ದಿನಾ? ಬಿಡುವ ಇಲ್ಲೇನು? ಹಂಗ ಹೊಡದ್ರ ಎತ್ತು ಒಂದು ಹಂಗಾಮಕ್ಕ ಬೀಳ್ತಾವ."

ಮರುದಿನ ಔಷಧಿ ಡಬ್ಬಿಗಳ ದಪ್ಪ ರಟ್ಟನ್ನು ಒಂದೇ ಅಳತೆಯ ಚೀಟಿಗಳಾಗಿ ಕತ್ತರಿಸಿಕೊಂಡು ಬಂದ. ಹೀಗೆ ನಮ್ಮ ಆಟ ಶುರುವಾಯಿತು. ನನ್ನದೊಂದು ತಂಡ, ಅವನದೊಂದು ತಂಡ, ಒಂದೊಂದರಲ್ಲೂ ಹದಿಮೂರು ಚೀಟಿ. ಪ್ರತಿ ಚೀಟಿಯ ಮೇಲೆ ಐದು ಹುಣಸೆ ಬೀಜ. ಅದು ಆ ಆಟಗಾರನ ಕಸುವು. ದಿನಾ ಬೆಳಿಗ್ಗೆ ಯಾರಿಗೆ ಜೋರು ತಾಲೀಮು, ಯಾರಿಗೆ ಹಗುರ, ಯಾರಿಗೆ ಬಿಡುವು ಎಂದು ಗೊತ್ತು ಮಾಡಬೇಕು. ಜೋರು ತಾಲೀಮು ಮಾಡಿದವನ ಚೀಟಿಗೆ ಆಟದ ಒಂದು ಅಂಕ ಕೂಡುತ್ತದೆ, ಆದರೆ ಒಂದು ಬೀಜ ಕಡಿಮೆಯಾಗುತ್ತದೆ. ಬಿಡುವು ಕೊಟ್ಟರೆ ಬೀಜ ವಾಪಸ್ಸು. ದಿನ ಬಿಟ್ಟು ದಿನ ಸಂಜೆ ಪಂದ್ಯ, ಇಳಿಸಿದವರ ಅಂಕ ಕೂಡಿಸಿದಾಗ ಯಾರದು ಹೆಚ್ಚೋ ಅವರಿಗೆ ಗೆಲುವು. ಬೀಜ ಕಡಿಮೆ ಇದ್ದವನನ್ನು ಇಳಿಸಿದರೆ ನಾಲ್ಕು ಕವಡೆ ಎಸೆಯಬೇಕು. ನಾಲ್ಕೂ ಬೋರಲು ಬಿದ್ದರೆ ಅವನಿಗೆ ಪೆಟ್ಟು. ಪೆಟ್ಟಾದವನನ್ನು ವಾಸಿಯಾಗುವ ಮೊದಲೇ ಮತ್ತೆ ಇಳಿಸಿ, ಆಗಲೂ ನಾಲ್ಕು ಬೋರಲು ಬಿದ್ದರೆ ಆ ಚೀಟಿ ಕಾಯಂ ಹೊರಗೆ. ಈ ಕೊನೆಯ ಕಾನೂನು ಅಪ್ಪನದು.

ಮೊದಲ ನಾಲ್ಕು ಪಂದ್ಯ ನಾನೇ ಗೆದ್ದೆ. ನನ್ನವರಿಗೆ ದಿನಾ ಜೋರು ತಾಲೀಮು. ಅಪ್ಪನ ತಂಡ ನೋಡಿದರೆ ಅರ್ಧ ಜನ ಮಲಗಿರುತ್ತಿದ್ದರು. ನಾನು ಚೇಷ್ಟೆ ಮಾಡುತ್ತಿದ್ದೆ. ಅವನು ಬೇಜಾರು ಮಾಡಿಕೊಳ್ಳದೆ ದನಗಳ ರೋಗ ಬರೆಯುವಂಥದೇ ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬನ ಬಗ್ಗೆ ಬರೆದುಕೊಳ್ಳುತ್ತಿದ್ದ. ಅವನಿಲ್ಲದಾಗ ಒಮ್ಮೆ ತೆಗೆದು ನೋಡಿದೆ. 'ಆರನೆಯವ: ಎಡಗಾಲು. ಬಿಸಿ ತವಡಿನ ಶಾಖ. ಓಟ ಬೇಡ. ಸೊಭಾವ ಒಳ್ಳೇದು, ಹೇಳಿದ ಮಾತು ಕೇಳುತ್ತಾನೆ.' ರಟ್ಟಿನ ಚೀಟಿಯ ಸ್ವಭಾವ ಅವನಿಗೆ ಹೇಗೆ ತಿಳಿಯಿತೋ!

ಐದನೆಯ ಪಂದ್ಯದಿಂದ ನನ್ನವರು ಬೀಳತೊಡಗಿದರು. ಒಂದು ಸಂಜೆಯಂತೂ ಇಳಿಸಲು ನನ್ನ ಬಳಿ ಎಂಟೇ ಜನ ಉಳಿದರು. ಅಪ್ಪನ ಹದಿಮೂರೂ ಚೀಟಿಗಳ ಮೇಲೆ ಬೀಜ ತುಂಬಿದ್ದವು. ಅವನು ಮತ್ತೊಂದು ಕಾನೂನು ತಂದ: ವಾಸಿಯಾದವನು ಎರಡು ದಿನ ಬರೀ ನಡೆಯಬೇಕು, ಆಮೇಲೆ ಓಟ. ನಾನು ಜಗಳ ತೆಗೆದೆ.

"ವಾಸಿ ಆತಲ್ಲ, ಮತ್ಯಾಕ ನಡಿಗಿ?"

"ಕುಂಟೋದು ನಿಂತ ಕೂಡ್ಲೆ ವಾಸಿ ಆತು ಅಂತ ತಿಳಕೋತಾರ. ಅಲ್ಲೇ ತಪ್ಪೋದು."

ದವಾಖಾನೆಗೆ ಎತ್ತು ತಂದಿದ್ದ ಒಬ್ಬ ರೈತ ಕಿಟಕಿಯಿಂದ ಇಣುಕಿ, "ಏನ್ರಿ ಕಂಪೌಂಡರ್ ಸಾಹೇಬ್ರ, ಚೌಕಾಬಾರೇನು?" ಎಂದು ಕೇಳಿದ. ಅಪ್ಪ ತಲೆ ಎತ್ತದೆ, "ಇಲ್ಲಪ್ಪಾ, ಮನಷಾರು ಅದಾರ, ಪೆಟ್ಟಾಗೈತಿ" ಅಂದ. ಆ ರೈತ ಚೀಟಿಗಳನ್ನು ನೋಡಿ ಎತ್ತಿನ ಬಳಿಗೆ ಹೋದ.

ಒಟ್ಟು ಹದಿನೈದು ಪಂದ್ಯ ಎಂದು ಮಾತಾಗಿತ್ತು. ಹದಿನಾಲ್ಕು ಮುಗಿದಾಗ ಇಬ್ಬರೂ ಸಮಸಮ. ಕೊನೆಯದನ್ನು ಭಾನುವಾರ ಬೆಳಿಗ್ಗೆ ಇಟ್ಟುಕೊಂಡೆವು. ಅಪ್ಪನ ತಂಡದಲ್ಲಿ ಒಂಬತ್ತನೆಯ ನಂಬರಿನವನು ಅವನ ಮುದ್ದಿನ ಆಟಗಾರ. ಹಿಂದಿನ ಪಂದ್ಯದಲ್ಲಿ ಒಂದೇ ಬೀಜ ಕಡಿಮೆ ಇದ್ದರೂ ಕವಡೆ ಬೋರಲು ಬಿದ್ದು ಅವನಿಗೇ ಪೆಟ್ಟಾಗಿತ್ತು. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಕುಳಿತ. ಎದ್ದು ಒಂದು ಸಲ ಹೊರಗೆ ಹೋಗಿ ಬಂದ. ಆಮೇಲೆ ಆ ಒಂಬತ್ತನೆಯ ಚೀಟಿಯನ್ನು ತೆಗೆದು ಮೈದಾನದಲ್ಲಿಟ್ಟ.

"ಅಪ್ಪಾ, ಇವಗ ಪೆಟ್ಟಾಗೈತಿ."

"ಗೊತ್ತೈತಿ."

"ನಡಿಗಿ ಸೈತ ಮಾಡಿಲ್ಲ."

"ಒಂದು ಆಟ ಅಲ್ಲೇನು? ಆಡ್ಲಿ ಬಿಡು."

ಕವಡೆ ಎಸೆದ. ನಾಲ್ಕೂ ಬೋರಲು. ನಾನು ಚಪ್ಪಾಳೆ ತಟ್ಟಿ ಕೂಗಿದೆ. ಇಷ್ಟು ದಿನ ಕಾನೂನು ಹೇಳಿದವನೇ ಸಿಕ್ಕಿಬಿದ್ದನಲ್ಲ ಎಂಬ ಖುಷಿ. ಪಂದ್ಯವನ್ನೂ ಗೆದ್ದೆ. ಅಪ್ಪ ನಗಲಿಲ್ಲ. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದುಹೋದ. ಊಟದ ಹೊತ್ತಾದರೂ ಬರಲಿಲ್ಲ. ನಾನು ಊರುಗೋಲು ಹಿಡಿದು ಹೊರಗೆ ಬಂದರೆ, ಬೇವಿನ ಕೆಳಗೆ ಖಾಲಿ ಗೂಟಗಳ ನಡುವೆ ಕಲ್ಲಿನ ಮೇಲೆ ಕುಳಿತಿದ್ದ.

"ಚೀಟಿ ಅದು, ಅಪ್ಪಾ. ಬೇರೆ ಬರಿಯೂಣು, ಬಾ ಉಣ್ಣಾಕ."

"ಚೀಟಿ ಅಂತ ನನಗೂ ಗೊತ್ತೈತಿ." ಜೇಬಿನಿಂದ ಚೀಟಿ ಹೊರಗೆ ತೆಗೆದ. "ಇಷ್ಟು ವರ್ಷ ಆತು, ಕುಂಟೋ ಎತ್ತನ್ನ ಹೂಡಿದವರಿಗೆ ನಾ ಬೈಯೋದು. ನಿನಗೂ ಬೈದೆ. ಇವತ್ತು ಕೈಯಾಗ ಕವಡಿ ಹಿಡದಾಗ ಅವನ ಕಾಲು ನನ್ನ ನೆನಪಿಗೆ ಬರಲಿಲ್ಲ ನೋಡು. ಗೆಲ್ಲೋದೊಂದ ಕಂಡ್ತು."

ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಕುರುಗೋಡಿನಾಗ ನಿನಗೂ ಹಿಂಗ ಆಗಿತ್ತೇನು?"

"ಹೂಂ."

"ಹಂಗಾದ್ರ ಬೈದಿದ್ದು ತಪ್ಪಾತು."

ಅಪ್ಪ ನನ್ನೆದುರು ತಪ್ಪಾಯಿತು ಅಂದದ್ದು ಅದೇ ಮೊದಲು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಆಗ ನನ್ನ ಬಾಯಿಂದ ಬಂತು. ಈ ಪ್ಲಾಸ್ಟರ್ ತೆಗೆದ ಮೇಲೆ ಓಡಲು ಬರದಿದ್ದರೆ ಏನು ಮಾಡಲಿ ಎಂದು ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ, ಏನೂ ಆಗುವುದಿಲ್ಲ, ಮೊದಲಿನಂತೆಯೇ ಓಡುತ್ತೀ ಅನ್ನುತ್ತಿದ್ದರು. ಅಪ್ಪ ನನ್ನ ಕಾಲನ್ನೇ ನೋಡುತ್ತ ಹೇಳಿದ:

"ಓಡ್ತೀಯೋ ಇಲ್ಲೋ, ನನಗ ಹೇಳಾಕ ಬರಂಗಿಲ್ಲ. ನಡಿಯೋದು ಮಾತ್ರ ನಾ ಮಾಡಿಸ್ತೀನಿ."

ಮಾಡಿಸಿದ. ಬಳ್ಳಾರಿಗೆ ಹೋಗಿ ಪ್ಲಾಸ್ಟರ್ ತೆಗೆಸಿದಾಗ ಒಳಗಿನ ಕಾಲು ಬಡಗಿ ಕೆತ್ತಿಟ್ಟ ಕೋಲಿನಂತಿತ್ತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಮತ್ತೆ ನನ್ನನ್ನು ಸಿರುಗುಪ್ಪಕ್ಕೇ ಕರೆದುಕೊಂಡು ಬಂದ. ದಿನಾ ಬೆಳಿಗ್ಗೆ ಬತ್ತದ ಗದ್ದೆಗಳ ನಡುವಿನ ಕಾಲುವೆಯ ಏರಿ ಮೇಲೆ ನಡಿಗೆ. ಮೊದಲ ದಿನ ಒಂದು ತೂಬಿನವರೆಗೆ, ವಾರದ ಮೇಲೆ ಎರಡನೆಯ ತೂಬು. ನಾನು ಉತ್ಸಾಹ ಬಂದು ಮುಂದೆ ಹೋದರೆ ಹಿಂದಿನಿಂದ "ಹೋ, ಹೋ" ಎಂದು ಎತ್ತನ್ನು ನಿಲ್ಲಿಸುವ ದನಿಯಲ್ಲೇ ನಿಲ್ಲಿಸುತ್ತಿದ್ದ. ಹಿಂದಿನ ಜನ್ಮದಲ್ಲೂ ಅಷ್ಟು ವಿಧೇಯನಾಗಿ ನಾನು ಯಾರ ಮಾತನ್ನೂ ಕೇಳಿರಲಿಕ್ಕಿಲ್ಲ. ತಿಂಗಳಾದ ಮೇಲೆ ಒಂದು ದಿನ ಅವನೇ, "ಇವತ್ತು ಆ ಜಾಲಿಗಿಡದ ತನ ಓಡಿ ನೋಡು" ಅಂದ. ಓಡಿದೆ. ಮರಳಿ ಬರುವಾಗ ಅವನು ಬೇರೆ ಕಡೆ ತಿರುಗಿ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಹಳೆಯ ಓಟ ಮಾತ್ರ ತಿರುಗಿ ಬರಲಿಲ್ಲ. ಮುಂದಿನ ಸಾಲು ಬಿಟ್ಟು ಹಿಂದೆ ನಿಂತು ಎರಡು ವರ್ಷ ಆಡಿದೆ. ಆಮೇಲೆ ಆಟ ಬಿಟ್ಟು ತಂಡದ ತಾಲೀಮು ನೋಡಿಕೊಳ್ಳತೊಡಗಿದೆ. ಒಂದು ನೋಟ್‌ಬುಕ್ ಇಟ್ಟು, ಯಾರು ದಣಿದಿದ್ದಾರೆ, ಯಾರ ಕಾಲು ಹಿಡಿದುಕೊಂಡಿದೆ ಎಂದು ಬರೆದು, ಅಂಥವರಿಗೆ ಬಿಡುವು ಕೊಡುತ್ತಿದ್ದೆ. "ಓಡಾಕ ಬಂದ್ರ ಮಲಗು ಅಂತಾನ ನೋಡ್ರಿ ಇಂವ" ಎಂದು ಗೋಲ್‌ಕೀಪರ್ ಎಲ್ಲರೆದುರು ನಗುತ್ತಿದ್ದ. ಆದರೆ ಹೊಸಬರು ಯಾರಾದರೂ ಪೆಟ್ಟು ಮುಚ್ಚಿಟ್ಟರೆ ನನಗೆ ಮೊದಲು ಬಂದು ಹೇಳುತ್ತಿದ್ದವನೂ ಅವನೇ.

ಅಪ್ಪ ನಿವೃತ್ತನಾಗಿ ಕೌಲ್ ಬಜಾರಿನ ಮನೆಗೆ ಬಂದ ವರ್ಷ, ಒಂದು ಸಂಜೆ ಕರೆಯದೆಯೇ ಮೈದಾನಕ್ಕೆ ಬಂದ. ಅಂದು ನಮಗೆ ಗಾಂಧಿನಗರದ ಹುಡುಗರ ಜೊತೆ ಪಂದ್ಯ. ಅಂಚಿನಲ್ಲಿ ಟವೆಲ್ ಹಾಸಿ ಕುಳಿತು ನಿಜವಾದ ಫುಟ್‌ಬಾಲನ್ನು ಮೊದಲ ಸಲ ನೋಡಿದ. ನಡುವೆ ಆಟ ನಿಂತಾಗ ನನ್ನನ್ನು ಕರೆದ.

"ಆ ಎಡಗಡಿ ಉದ್ದನ್ನವ ಅದಾನಲ್ಲ, ಅವ ಅಂಗಾಲು ಪೂರಾ ಊರವಲ್ಲ. ಹೊರಗ ಕರಿ."

ಆ ಎತ್ತರದ ಹುಡುಗ ಅಂದು ನಮ್ಮ ಅತ್ಯುತ್ತಮ ಆಟಗಾರ. ನಾನು ಒಂದು ಗಳಿಗೆ ಹಿಂದೆ ಮುಂದೆ ನೋಡಿ ಅವನನ್ನು ಹೊರಗೆ ಕೂರಿಸಿದೆ. ಅವನು ಬೂಟು ಬಿಚ್ಚಿ ಒಗೆದು ನನ್ನೊಡನೆ ಮಾತು ಬಿಟ್ಟ. ಒಂದು ಗೋಲಿನಿಂದ ಸೋತೆವು. ಮನೆಗೆ ಹೋಗುವ ದಾರಿಯಲ್ಲಿ ಮಿರ್ಚಿ ಅಂಗಡಿಯ ಮುಂದೆ ಅಪ್ಪ ನಿಂತ. "ಸೋತ್ವಿ ಬಿಡು, ಏನ್ ಮಾಡಾಕ ಬರ್ತೈತಿ" ಎಂದು ನನ್ನ ಕೈಗೊಂದು ಪೊಟ್ಟಣ ಕೊಟ್ಟ.

ಮರುದಿನ ಸಂಜೆ ನಾನು ಮೈದಾನಕ್ಕೆ ಹೋಗುವಷ್ಟರಲ್ಲಿ ಅಪ್ಪ ನನಗಿಂತ ಮೊದಲೇ ಬಂದಿದ್ದ. ಆ ಉದ್ದನೆಯ ಹುಡುಗ, ಕೆಳಗೆ ಕುಳಿತಿದ್ದ ಅವನ ಹೆಗಲಿನ ಮೇಲೆ ಕೈಯಿಟ್ಟುಕೊಂಡು ಒಂಟಿಕಾಲಲ್ಲಿ ನಿಂತಿದ್ದ. ಊದಿದ ಪಾದ ಅಪ್ಪನ ತೊಡೆಯ ಮೇಲಿತ್ತು. ಅಪ್ಪ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ.

"ಇಲ್ಲಿ ನೋಯತೈತೇನು?"

"ಇಲ್ರೀ ಅಜ್ಜಾ."

"ಖರೇ ಹೇಳು."

"ಸ್ವಲ್ಪ ಐತ್ರಿ."